ಸ್ಟೇಜ್ ಬಾಕ್ಸ್ ಮತ್ತು ಎರಡನೆಯ ಹಾಡು

ಏಪ್ರಿಲ್ ೨೨, ಮಂಗಳವಾರ

ಆಕಾಶಕ್ಕೂ ಭೂಮಿಗೂ ಹಾಪನಿಯೆಮಿ ಸರೋವರದ ಸಮಸ್ತ ಮೀನುಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಎನ್ಸಿಯೊ ಎಂಬ ಹೆಸರಿನ ನಾನು, ಐವತ್ತೆಂಟರ ಪ್ರಾಯದಲ್ಲಿ, ಸ್ವಸ್ಥ ಬುದ್ಧಿಯಿಂದ, ಒಂದು ಡಬ್ಬವನ್ನು ಕೊಳ್ಳಕೂಡದೆಂದು ತೀರ್ಮಾನಿಸಿದ್ದೇನೆ. ತೀರ್ಮಾನ ಅಚಲ. ಬದಲಾಯಿಸಲು ಯಾವ ಶಕ್ತಿಗೂ ಸಾಧ್ಯವಿಲ್ಲ.

ಘೋಷಣೆಯ ಹೊತ್ತಿಗೆ ಹಾಜರಿದ್ದವರು ಇಬ್ಬರು. ನಾನೊಬ್ಬ. ಇನ್ನೊಂದು, ಈ ಎಲ್ಲ ಅನಾಹುತಕ್ಕೆ ಕಾರಣವಾದ ಇಲಿ. ಅದು ಆಗಲೇ ಸತ್ತಿತ್ತು.

ಚಳಿಗಾಲವೆಲ್ಲ ಮುಚ್ಚಿದ್ದ ಕುಣಿತದ ಮಂಟಪವನ್ನು ಇವತ್ತು ತೆರೆದೆವು. ವೇದಿಕೆಯಿಂದ ಹೊರಟು, ಮರದ ನೆಲದಡಿಯಲ್ಲಿ ಹಾದು, ಹಿಂದಿನ ಮೂಲೆಯಲ್ಲಿರುವ ನನ್ನ ಗಾಜಿನ ಗೂಡಿಗೆ ಬರುವ ದಪ್ಪ ಕೇಬಲ್ ಒಂದಿದೆ. ಮಗುವಿನ ತೋಳಿನಷ್ಟು ದಪ್ಪ. ಒಂದೊಂದು ಮೈಕಿಗೆ ಒಳಗೆ ಒಂದೊಂದು ತಂತಿ. ಬುದ್ಧಿಯಿಲ್ಲ, ಕರೆಂಟು ಬೇಡ, ಈ ತುದಿಯಲ್ಲಿ ಹಾಡಿದ್ದು ಆ ತುದಿಗೆ ಬರುತ್ತದೆ, ಅಷ್ಟೆ. ಇಲಿಯ ಸಂಸಾರ ಅದರ ಮೇಲೆ ಚಳಿಗಾಲ ಕಳೆದಿದೆ. ಅರ್ಧಕ್ಕಿಂತ ಹೆಚ್ಚು ತಂತಿ ಸತ್ತಿವೆ.

ಸಂಘದ ಅಧ್ಯಕ್ಷ ಓಯ್ವಾ ಬಂದು ನೋಡಿದ. ಅವನು ನಿವೃತ್ತ ಅಗ್ನಿಶಾಮಕ ಅಧಿಕಾರಿ. ಬೆಂಕಿಯನ್ನು ನೀರಿನಿಂದ ಆರಿಸುತ್ತಿದ್ದನೋ ಗಂಟಲಿನಿಂದಲೋ ಎಂಬ ಬಗ್ಗೆ ಊರಿನಲ್ಲಿ ಎರಡು ಅಭಿಪ್ರಾಯಗಳಿವೆ.

"ಹೋಗ್ಲಿ ಬಿಡಯ್ಯ, ಪೀಡೆ ತೊಲಗ್ತು! ಈಗೆಲ್ಲ ಡಿಜಿಟಲ್ ಸ್ಟೇಜ್ ಬಾಕ್ಸ್ ಬಂದಿದೆ. ವೇದಿಕೆ ಮೇಲೇ ಒಂದು ಡಬ್ಬ ಇಡೋದು, ಮೈಕೆಲ್ಲ ಅದಕ್ಕೇ ಚುಚ್ಚೋದು. ನೀನು ಕೈಯಲ್ಲೊಂದು ಟ್ಯಾಬ್ಲೆಟ್ ಹಿಡ್ಕೊಂಡು ಎಲ್ಲಿ ಬೇಕಾದ್ರೂ ನಿಂತು ಸೌಂಡ್ ನೋಡ್ಬೋದು. ಆ ನಿನ್ನ ಗೂಡು ಒಡೆದು ಹಿಲ್ಕನ ಕಾಫಿ ಕೌಂಟರ್ ದೊಡ್ಡದು ಮಾಡೋಣ."

"ಗೂಡು ಇರ್ಲಿ" ಎಂದೆ.

"ಯಾಕೆ, ಮೊಟ್ಟೆ ಇಟ್ಟಿದೀಯಾ?"

ಎಲ್ಲಿ ಬೇಕಾದರೂ. ಈ ಎರಡು ಮಾತು ಕೇಳಿದ್ದೇ ಗೂಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಈ ಪುಸ್ತಕವನ್ನು ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ. ನನಗೆ ಕುಣಿಯಲು ಬರುವುದಿಲ್ಲ. ಕುಣಿಯುವ ವಯಸ್ಸಿನಲ್ಲಿ ನಾನು ಸ್ಪೀಕರ್ ಹೊರುತ್ತಿದ್ದೆ. ಆಮೇಲೆ ಈ ಗೂಡು ಸಿಕ್ಕಿತು. ಇಪ್ಪತ್ತು ವರ್ಷದಿಂದ ಪ್ರತಿ ಶನಿವಾರ ಊರೆಲ್ಲ ಟ್ಯಾಂಗೊ ಕುಣಿಯುವುದನ್ನು ಗಾಜಿನ ಹಿಂದೆ ಕೂತು ನೋಡಿದ್ದೇನೆ. ಊರಿನ ಹೆಂಗಸರು ನನ್ನ ಬಗ್ಗೆ ಹೇಳುವುದು ಹೀಗೆ: "ಪಾಪ, ಎನ್ಸಿಯೊನ ಆ ಕೇಬಲ್ ಕಟ್ಟಿಹಾಕಿದೆ. ಸಂಗೀತ ಗೊತ್ತಿರೋ ಮನುಷ್ಯ, ಎಷ್ಟು ಸೊಗಸಾಗಿ ಕುಣೀತಿದ್ನೋ ಏನೋ." ಈ ಕೀರ್ತಿಯನ್ನು ನಾನು ಬೆವರು ಸುರಿಸದೆ ಸಂಪಾದಿಸಿದ್ದೇನೆ.

ನಮ್ಮ ಕುಣಿತದಲ್ಲಿ ಒಂದು ಗಂಟೆ ಹೆಂಗಸರ ಸರದಿ ಇರುತ್ತದೆ. ಅವರೇ ಬಂದು ಗಂಡಸರನ್ನು ಕರೆಯುತ್ತಾರೆ. ಕರೆದರೆ ಇಲ್ಲ ಎನ್ನುವ ಹಾಗಿಲ್ಲ. ಒಮ್ಮೆ ನೆಲಕ್ಕಿಳಿದರೆ ಎರಡು ಹಾಡು; ಒಂದಲ್ಲ, ಎರಡು. ಎರಡನೆಯದು ಮುಗಿಯುವವರೆಗೆ ಜೊತೆಯವರನ್ನು ಬಿಟ್ಟು ಬರುವುದು ಶವಸಂಸ್ಕಾರದ ನಡುವೆ ಎದ್ದು ಬಂದಂತೆ. ಎರಡು ಹಾಡಿನ ಉದ್ದಕ್ಕೂ, ಊರೆಲ್ಲ ನೋಡುತ್ತಿರುವಾಗ, ಯಾರದೋ ಕಾಲು ತುಳಿಯುತ್ತಾ ನಾನು!

ಹೋಗುವಾಗ ಓಯ್ವಾ ಹೇಳಿದ: "ನಡುಬೇಸಿಗೆಯ ಯುಹಾನ್ನುಸ್ ಹಬ್ಬದ ಕುಣಿತದೊಳಗೆ ಡಬ್ಬ ಆರಿಸು. ನಿನ್ನಿಂದ ಆಗ್ಲಿಲ್ಲ ಅಂದ್ರೆ ತಾಂಪೆರೆ ನಗರದಿಂದ ಒಂದು ಕಂಪನಿ ಕರೆಸ್ತೀನಿ. ಅವರು ಡಬ್ಬಾನೂ ತರ್ತಾರೆ, ಆಳನ್ನೂ ತರ್ತಾರೆ. ನೀನು ಆರಾಮಾಗಿ ಟಿಕೆಟ್ ತಗೊಂಡು ಕುಣೀಬೋದು."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದೇ ಭಯಂಕರ.

ಏಪ್ರಿಲ್ ೨೩

ಕೇಬಲ್ ರಿಪೇರಿ ಮಾಡಬಹುದು ಎನಿಸಿತು.

ಸಂಜೆ: ಆಗುವುದಿಲ್ಲ.

ಮೇ ೩, ಶನಿವಾರ

ತಾಂಪೆರೆಯ ಅಂಗಡಿಗೆ ಫೋನ್ ಮಾಡಿದೆ. ಡಬ್ಬಗಳಲ್ಲಿ ಎರಡು ಜಾತಿಯಂತೆ. ಮೊದಲನೆಯದು ವೇದಿಕೆಯ ಮೇಲೆ ಕೂತು, ಮೈಕುಗಳ ಸದ್ದನ್ನೆಲ್ಲ ಅಂಕಿಗಳಾಗಿ ಪುಡಿಮಾಡಿ, ಕಡ್ಡಿಯಷ್ಟು ತೆಳ್ಳಗಿನ ಒಂದೇ ತಂತಿಯಲ್ಲಿ ಗೂಡಿನ ಮಿಕ್ಸರಿಗೆ ಕಳಿಸುತ್ತದೆ. ಅಂದರೆ ಗೂಡು ಉಳಿಯುತ್ತದೆ. ಎರಡನೆಯದರ ಹೊಟ್ಟೆಯಲ್ಲೇ ಮಿಕ್ಸರ್ ಇರುತ್ತದೆ, ಟ್ಯಾಬ್ಲೆಟ್ಟಿನಿಂದ ನಡೆಸುವುದು, ಗೂಡು ಬೇಡ. ಮೊದಲನೆಯದಕ್ಕೆ ಪಾದ್ರಿ ಎಂದು ಹೆಸರಿಟ್ಟೆ, ಎರಡನೆಯದಕ್ಕೆ ಅಲೆಮಾರಿ. ನನ್ನ ಮನಸ್ಸು ಯಾವ ಕಡೆ ಇದೆಯೆಂದು ಹೇಳಬೇಕಿಲ್ಲ.

ಆದರೂ ಎರಡರಲ್ಲೂ ಭಯಪಡಲು ಧಾರಾಳವಾಗಿ ಇದೆ. ಡಬ್ಬಕ್ಕೆ ಕರೆಂಟು ಬೇಕು. ಕರೆಂಟು ಹೋದರೆ?

"ಹೋಗಿ ಬಂದ್ರೆ ಮತ್ತೆ ಎದ್ದೇಳೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ, ಅಷ್ಟೇ" ಎಂದ ಅಂಗಡಿಯವನು.

"ಸ್ವಲ್ಪ ಹೊತ್ತು ಅಂದ್ರೆ?"

"ಒಂದು ನಿಮಿಷ ಅಂದ್ಕೊಳ್ಳಿ."

"ಮುನ್ನೂರು ಜನ ಒಂದು ನಿಮಿಷ ಸದ್ದೇ ಇಲ್ದೆ ನಿಂತಿರೋದನ್ನ ನೀವು ನೋಡಿದೀರಾ?"

ಅವನು ಯೋಚಿಸಿ ಹೇಳಿದ: "ನಮ್ಮ ಫಿನ್ನಿಶ್ ಜನ ತಾನೇ? ನಿಲ್ತಾರೆ."

ಇಂಥವರ ಕೈಗೆ ವ್ಯಾಪಾರ ಕೊಟ್ಟಿದ್ದಾರೆ.

ಮೇ ೧೦, ಶನಿವಾರ

ಋತುವಿನ ಮೊದಲ ಕುಣಿತ. ಬದುಕುಳಿದ ತಂತಿಗಳಲ್ಲೇ ಹೇಗೋ ಸಾಗಿಸಿದೆ. ಡ್ರಮ್ಮಿಗೆ ಒಂದೇ ಮೈಕು ಸಿಕ್ಕಿತು. ತೌನೊ ನಮ್ಮ ಅಕಾರ್ಡಿಯನ್ ವಾದಕ, ಹಾಡುವವನೂ ಅವನೇ. ಮಧ್ಯದಲ್ಲಿ ಅವನ ದನಿ ಎರಡು ಸಲ ಕರಕರ ಎಂದಿತು. ಸದ್ದು ಪೂರ್ತಿ ನಿಂತು, ಎಲ್ಲ ತಲೆಗಳೂ ಏಕಕಾಲಕ್ಕೆ ಹಿಂದಕ್ಕೆ ತಿರುಗಿ ಗಾಜಿನ ಕಡೆ ನೋಡುವುದನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ನೋಡಿದ್ದೇನೆಂದರೆ, ಯಾರು ಎಲ್ಲಿ ನಿಂತಿರುತ್ತಾರೆಂದೂ ಗೊತ್ತು.

ಬಿಡುವಿನಲ್ಲಿ ಎಂದಿನಂತೆ ಹಿಲ್ಕ ಗೂಡಿಗೆ ಕಾಫಿ ತಂದಳು. ಎರಡು ಕೈಯಲ್ಲೂ ಏನಾದರೂ ಇರುತ್ತದೆ, ಹಾಗಾಗಿ ಬಾಗಿಲನ್ನು ಮೊಣಕೈಯಿಂದ ತಟ್ಟುತ್ತಾಳೆ. ಮೂವತ್ತು ವರ್ಷ ಬಸ್ಸು ಓಡಿಸಿದವಳು. ಈಗಲೂ ಎದುರಿಗಿದ್ದವರನ್ನು ಕನ್ನಡಿಯಲ್ಲಿ ನೋಡುವ ಹಾಗೆ ನೋಡುತ್ತಾಳೆ.

"ಡಬ್ಬ ಆರಿಸಿದ್ಯೇನಯ್ಯಾ?"

"ಪರಿಶೀಲನೆ ನಡೀತಿದೆ."

"ಡಬ್ಬನ ನೀನು ಪರಿಶೀಲಿಸ್ತಿದೀಯೋ, ನಿನ್ನನ್ನ ಡಬ್ಬ ಪರಿಶೀಲಿಸ್ತಿದೆಯೋ?"

ಏಲಕ್ಕಿ ಬನ್ನು ಎರಡಿತ್ತು. ಸಾಮಾನ್ಯವಾಗಿ ಒಂದು.

ಮೇ ೧೭

ಅಂಗಡಿಯವನು ಎರಡು ಡಬ್ಬವನ್ನೂ ನೋಡಲು ಕಳಿಸಿದ್ದಾನೆ. ಖಾಲಿ ಮಂಟಪದಲ್ಲಿ ತೌನೊನನ್ನೂ ಬೇಸ್ ಗಿಟಾರಿನವನನ್ನೂ ಕೂರಿಸಿ ಪರೀಕ್ಷೆ ಮಾಡಿದೆ.

ಪಾದ್ರಿ ಗಂಭೀರ. ಸದ್ದಿಲ್ಲ, ಹೊಳಪಿಲ್ಲ. ಗೂಡಿನಲ್ಲಿ ಕೂತು ಕೇಳಿದರೆ ಹಳೆಯ ಕೇಬಲ್ಲಿಗಿಂತ ಎಷ್ಟೋ ಶುದ್ಧ. ಅಲೆಮಾರಿಯೊಳಗೆ ಒಂದು ಸಣ್ಣ ಫ್ಯಾನು ಉಸಿರಾಡುತ್ತದೆ. "ಎಂಥಾ ಕೆಟ್ಟ ಫ್ಯಾನು ನೋಡು, ನಿಧಾನದ ಹಾಡಿನಲ್ಲಿ ಇದೇ ಕೇಳ್ಸುತ್ತೆ" ಎಂದೆ. ಡಬ್ಬಕ್ಕೆ ಕಿವಿಯಿಟ್ಟು ತೌನೊ ಹೇಳಿದ: "ನನ್ನ ಮೂಗು ಇದಕ್ಕಿಂತ ಜೋರಾಗಿ ಸದ್ದು ಮಾಡುತ್ತೆ ಕಣೋ. ಅದನ್ನೂ ಬದಲಾಯಿಸ್ತೀಯಾ?"

ಪರೀಕ್ಷೆ ನ್ಯಾಯವಾಗಿರಬೇಕಲ್ಲ, ಟ್ಯಾಬ್ಲೆಟ್ ಹಿಡಿದು ಗೂಡಿನಿಂದ ಹೊರಗೆ ಬಂದೆ. ನೆಲದ ನಡುವೆ ಹೋಗಲಿಲ್ಲ. ಗೋಡೆಗೆ ಬೆನ್ನು ಹಚ್ಚಿ, ಮನೆಗೆ ನುಗ್ಗಿದ ಕಳ್ಳನಂತೆ ಸರಿದುಕೊಂಡು ಹೋದೆ. ಕಾಫಿ ಕೌಂಟರಿನ ಹತ್ತಿರ ಹಿಲ್ಕ ದೊಡ್ಡ ಕಾಫಿ ಪಾತ್ರೆಗಳನ್ನು ತೊಳೆಯುತ್ತಿದ್ದಳು.

"ಹಾಡು ಹೇಗೆ ಕೇಳಿಸ್ತಿದೆ?" ಎಂದು ಮಾತಿಗೆ ಕೇಳಿದೆ.

"ಎಂದಿನ ಹಾಗೆ. ಮಾತು ಕೇಳ್ಸಲ್ಲ."

"ಯಾವ ಮಾತು?"

"ಹಾಡಿನ ಮಾತು ಕಣಯ್ಯಾ. ಬಸ್ ಬಿಟ್ಟಾಗಿನಿಂದ ಇಲ್ಲಿ ಕಾಫಿ ಹಾಕ್ತಿದೀನಿ. ಇಲ್ಲಿಗೆ ಬರೋದು ಬರೀ ಗುಂಯ್ ಅನ್ನೋದು. ತೌನೊ ಬಾಯಿ ಆಡೋದು ಕಾಣ್ಸುತ್ತೆ, ಮೀನಿನ ಹಾಗೆ."

ನಾನು ನಂಬಲಿಲ್ಲ. ಅವಳ ಪಕ್ಕದಲ್ಲಿ ನಿಂತು ಕೇಳಿದೆ. ನಿಜ. ವೇದಿಕೆಯಿಂದ ಹೊರಟ ಮಾತು ಮೂರನೇ ಕಂಬದ ಹತ್ತಿರ ಬೇಸ್ ಗಿಟಾರಿನ ಗುಡುಗಿಗೆ ಸಿಕ್ಕಿ ಸತ್ತುಹೋಗುತ್ತಿತ್ತು. ಗಾಜಿನ ಗೂಡಿನಲ್ಲಿ ನನಗೆ ಎಲ್ಲವೂ ಸ್ವಚ್ಛ. ನನ್ನ ಸಣ್ಣ ಸ್ಪೀಕರಿನಲ್ಲಿ ನನಗೆ ಬೇಕಾದ ಹಾಡು ನನಗೆ ಕೇಳುತ್ತಿತ್ತು. ಇಷ್ಟು ವರ್ಷ ನಾನು ಯಾರಿಗೋಸ್ಕರ ಸೌಂಡ್ ನೋಡುತ್ತಿದ್ದೆ?

ಅಲ್ಲೇ ನಿಂತು ಟ್ಯಾಬ್ಲೆಟ್ಟಿನಲ್ಲಿ ಬೇಸ್ ಇಳಿಸಿದೆ, ತೌನೊನ ದನಿಗೆ ಸ್ವಲ್ಪ ಮೊನಚು ಕೊಟ್ಟೆ. ಮಾತು ಮೂರನೇ ಕಂಬ ದಾಟಿ ಬಂತು. ಹಿಲ್ಕ ಒರೆಸುವುದನ್ನು ನಿಲ್ಲಿಸಿದಳು. ಹಾಡು ಮುಗಿಯುವವರೆಗೆ ಅವಳ ಕೈಯ ಬಟ್ಟೆಯಿಂದ ನೀರು ಅವಳ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು.

"ಇದು ಕಾಯೋ ಹೆಂಗಸಿನ ಹಾಡಾ?" ಎಂದಳು. "ಇಷ್ಟು ವರ್ಷ ದೋಣಿ ಬಗ್ಗೆ ಅಂದ್ಕೊಂಡಿದ್ದೆ."

ಮೇ ೧೮

ಪಾದ್ರಿಯೇ ಸರಿ. ತೀರ್ಮಾನವಾಯಿತು. ಗೂಡಿನಲ್ಲಿ ಕೂತೂ ಬೇಸ್ ಇಳಿಸಬಹುದು.

ಮೇ ೨೪, ಶನಿವಾರ

ಪಾದ್ರಿಯೊಂದಿಗೆ ಕುಣಿತ. ಏನೂ ಕೆಡಲಿಲ್ಲ. ಆದರೆ ಖಾಲಿ ಮಂಟಪದಲ್ಲಿ ಸರಿಯಿದ್ದ ಲೆಕ್ಕ ಜನ ತುಂಬಿದಾಗ ಸರಿಯಿರುವುದಿಲ್ಲ. ಗಾಜಿನೊಳಗಿಂದ ಕಾಣುತ್ತಿತ್ತು: ಹಿಲ್ಕ ಒಂದು ಕೈಯಲ್ಲಿ ಲೋಟ ಹಿಡಿದು, ಇನ್ನೊಂದು ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡಿದ್ದಳು. ಆಮೇಲೆ ಕೈ ಇಳಿಸಿ ಲೋಟ ತೊಳೆದಳು.

ಅಂದಾಜಿನಲ್ಲಿ ಬೇಸ್ ಇಳಿಸಿದೆ. ಅವಳು ತಲೆಯೆತ್ತಲಿಲ್ಲ. ಇನ್ನೂ ಇಳಿಸಿದೆ. ಬೇಸ್ ನುಡಿಸುವವನು ತಲೆಯೆತ್ತಿದ.

ಮನೆಗೆ ಹೋಗಿ ಸೌನಾದ ಹಬೆಯಲ್ಲಿ ಕೂತೆ. ಕಾದ ಕಲ್ಲಿಗೆ ಎಷ್ಟು ನೀರು ಹೊಯ್ದರೂ ಕಿವಿಯ ಹಿಂದಿನ ಆ ಕೈ ಕಣ್ಣಿನಿಂದ ಹೋಗಲಿಲ್ಲ.

ಜೂನ್ ೧

ಅಲೆಮಾರಿಯನ್ನು ವಾಪಸು ಕಳಿಸುವ ಮುನ್ನ ಇನ್ನೊಂದು ಸಲ ಪರೀಕ್ಷಿಸುವುದು ನ್ಯಾಯ ಎನಿಸಿತು. ತೌನೊಗೆ ಬಿಡುವಿರಲಿಲ್ಲ, ಹೋದ ವರ್ಷ ಅವನು ನುಡಿಸಿ ಹಾಡಿದ್ದನ್ನು ಧ್ವನಿಮುದ್ರಣ ಮಾಡಿದ್ದೆ, ಅದನ್ನೇ ಹಾಕಿದೆ. ಮಂಟಪದ ಪ್ರತಿ ಮೂಲೆಯಲ್ಲೂ ಮಾತು ಕೇಳುತ್ತದೆಯೇ ಎಂದು ನೋಡಲು ನಡೆದೆ. ಮೊದಲು ಗೋಡೆಯ ಪಕ್ಕ. ನೆಲದ ಮಧ್ಯದಲ್ಲೂ ಕಿವಿಯಿಡದೆ ಲೆಕ್ಕ ಪೂರ್ತಿಯಾಗುವುದಿಲ್ಲ, ಆದ್ದರಿಂದ ಮಧ್ಯಕ್ಕೂ ಹೋದೆ. ಯಾರೂ ಇರಲಿಲ್ಲ.

ಹಾಡು ನಡೆಯುತ್ತಿರುವಾಗ ಬೇರೆ ತಾಳದಲ್ಲಿ ನಡೆದರೆ ಕೇಳುವುದು ಕಷ್ಟ. ಇದು ಧ್ವನಿವಿಜ್ಞಾನಕ್ಕೆ ಸಂಬಂಧಿಸಿದ ವಿಚಾರ. ನಿಧಾನ, ನಿಧಾನ, ಬೇಗ-ಬೇಗ, ನಿಧಾನ ಎಂದು ಹೆಜ್ಜೆಯಿಟ್ಟರೆ ಹಾಡೂ ಹೆಜ್ಜೆಯೂ ಒಂದನ್ನೊಂದು ಕೆಡಿಸುವುದಿಲ್ಲ.

"ಅದು ಟ್ಯಾಂಗೊ" ಎಂದಿತು ಬಾಗಿಲಿನ ಕಡೆಯಿಂದ ಒಂದು ದನಿ. ಹಿಲ್ಕ. ಕೈಯಲ್ಲಿ ಕಾಫಿಪುಡಿಯ ಚೀಲ.

"ನಾನು ಅಳತೆ ಮಾಡ್ತಿದ್ದೆ."

"ಮಾಡು ಮಾಡು. ತಿರುಗೋವಾಗ ಮಾತ್ರ ಎಡಗಾಲು ಮುಂದಿಟ್ಟು ಅಳತೆ ಮಾಡು. ಇಲ್ಲಾಂದ್ರೆ ಕಂಬಕ್ಕೆ ಡಿಕ್ಕಿ ಹೊಡೀತೀಯ."

ಎಡಗಾಲು ಮುಂದಿಟ್ಟರೆ ನಿಜವಾಗಿಯೂ ಕಂಬ ಸಿಗುವುದಿಲ್ಲ. ಇಡೀ ಸಂಜೆ ಅಳತೆ ಮಾಡಿದೆ.

ಜೂನ್ ೭, ಶನಿವಾರ

ಮಳೆ. ಪಾದ್ರಿಯೊಂದಿಗೇ ಕುಣಿತ. ಕಿವಿಯ ಹಿಂದೆ ಕೈ.

ಜೂನ್ ೮

ಓಯ್ವಾ ಬಂದ. "ಹೇಳು, ಯಾವುದು? ಇವತ್ತು ಬಾಯಿ ಬಿಡದಿದ್ರೆ ನಾಳೆ ತಾಂಪೆರೆಗೆ ಫೋನು."

ಪಾದ್ರಿ ಎನ್ನಲು ಬಾಯಿ ತೆರೆದೆ. ಕೌಂಟರಿನಲ್ಲಿ ಹಿಲ್ಕ ನನ್ನ ಕಡೆ ನೋಡುತ್ತಿರಲಿಲ್ಲ. ಲೋಟಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು, ಬಹಳ ಮೆಲ್ಲಗೆ.

"ಗೂಡಿನಿಂದ ಕೌಂಟರಿನ ಸೌಂಡು ಗೊತ್ತಾಗಲ್ಲ" ಎಂದೆ. ದನಿ ನನ್ನದೇ. "ಟ್ಯಾಬ್ಲೆಟ್ಟಿಂದು ತಗೋ."

ಓಯ್ವಾ ಮರುಕ್ಷಣ ಕಾರಿನಿಂದ ಕೊಡಲಿ ತಂದ. ನಿವೃತ್ತನಾದ ಮೇಲೂ ಅದನ್ನು ಕಾರಿನಲ್ಲೇ ಇಟ್ಟಿರುತ್ತಾನೆ. "ಮನಸ್ಸು ಬದಲಾಯಿಸೋ ಮೊದಲು" ಎನ್ನುತ್ತಾ ಗೂಡಿನ ಮೊದಲ ಹಲಗೆಗೆ ಏಟು ಹಾಕಿದ. ಸಂಜೆಯೊಳಗೆ ಗೂಡಿದ್ದ ಜಾಗದಲ್ಲಿ ನೆಲದ ಮೇಲೆ ಒಂದು ಮಾಸದ ಚೌಕ ಮಾತ್ರ ಉಳಿದಿತ್ತು. ನಾನು ಅದರ ನಡುವೆ ನಿಂತು ನೋಡಿದೆ. ಎಲ್ಲ ಕಡೆಯಿಂದಲೂ ಕಾಣಿಸುತ್ತೇನೆ.



ಜೂನ್ ೧೪, ಶನಿವಾರ

ಗೂಡಿಲ್ಲದ ಮೊದಲ ಕುಣಿತ. ಜನರ ಜೇಬಿನ ಫೋನುಗಳೆಲ್ಲ ಸೇರಿ ವೈಫೈ ಕೆಡಿಸಬಾರದೆಂದು ಡಬ್ಬಕ್ಕೆ ತನ್ನದೇ ಒಂದು ವೈಫೈ ಯಂತ್ರ ಕೊಟ್ಟು, ಅದನ್ನು ಕಂಬದ ತುದಿಗೆ ಕಟ್ಟಿದ್ದೆ. ಗೋಡೆಯ ಪಕ್ಕದಲ್ಲಿ, ಕೋಟುಗಳನ್ನು ನೇತುಹಾಕಿದ ಜಾಗದಲ್ಲಿ ನಿಂತು ಕೆಲಸ ಮಾಡಿದೆ. ದೂರದಿಂದ ನೋಡಿದವರಿಗೆ ನಾನೂ ಒಂದು ಕೋಟಿನ ಹಾಗೆ ಕಂಡಿರಬೇಕು.

ಹೆಂಗಸರ ಸರದಿ ಎಂದು ತೌನೊ ಕೂಗಿದೊಡನೆ ನನ್ನ ಕಾಲುಗಳು ನನ್ನನ್ನು ಕೇಳದೆ ಹೊರಗೆ ಹೊರಟವು. ಹಿಂದಿನ ಸೌದೆ ಮನೆಗೆ ಹೋದೆ. ಆಶ್ಚರ್ಯವೆಂದರೆ ವೈಫೈ ಅಲ್ಲಿಗೂ ಬರುತ್ತದೆ. ಇಡೀ ಸರದಿಯನ್ನು ಬರ್ಚ್ ಮರದ ಸೌದೆಯ ಮೇಲೆ ಕೂತು, ಸೊಳ್ಳೆಗಳಿಗೆ ಊಟವಾಗುತ್ತಾ, ಬಿರುಕಿನಿಂದ ಬಂದ ಸದ್ದು ಕೇಳಿಯೇ ನಡೆಸಿದೆ.

ಮುಗಿದ ಮೇಲೆ ಹಿಲ್ಕ ಹಿಡಿದಳು. "ಎಲ್ಲಿ ಮಾಯ ಆಗಿದ್ದೆ?"

"ಸಿಗ್ನಲ್ ಎಲ್ಲಿವರೆಗೆ ಬರುತ್ತೆ ಅಂತ ನೋಡ್ತಿದ್ದೆ."

"ಎಲ್ಲಿವರೆಗೆ ಬಂತು?"

"ಸೌದೆ ಮನೆವರೆಗೂ."

"ಒಳ್ಳೇದಾಯ್ತು" ಎಂದಳು. "ಸೌದೆಗಳು ಎಷ್ಟು ವರ್ಷದಿಂದ ಮಾತು ಕೇಳ್ಸಲ್ಲ ಅಂತ ಗೋಳಾಡ್ತಿದ್ವು."

ಬನ್ನು ಒಂದೇ ಇತ್ತು. ನಿನ್ನೆಯದು.

ಜೂನ್ ೨೦, ಹಬ್ಬದ ಮುನ್ನಾದಿನ, ಬೆಳಿಗ್ಗೆ

ಇವತ್ತು ಸಂಜೆ ಯುಹಾನ್ನುಸ್ ಕುಣಿತ. ದಡದಲ್ಲಿ ಹಬ್ಬದ ಬೆಂಕಿಗೆ ಕಟ್ಟಿಗೆ ಒಟ್ಟಿದ್ದಾರೆ. ವರ್ಷದ ಆದಾಯದ ಬಹುಭಾಗ ಇವತ್ತೊಂದೇ ದಿನದ್ದು. ಸದ್ದು ನಿಂತರೆ ಜನ ಆಚೆ ದಡದ ಮಂಟಪಕ್ಕೆ ಹೋಗುತ್ತಾರೆ, ಓಯ್ವಾ ತಾಂಪೆರೆಗೆ ಫೋನ್ ಮಾಡುತ್ತಾನೆ, ನಾನು ಟಿಕೆಟ್ ಕೊಂಡು ಗಂಡಸರ ಸಾಲಿನಲ್ಲಿ ನಿಲ್ಲುತ್ತೇನೆ.

ಡಬ್ಬದ ಪ್ರತಿ ತಿರುಪನ್ನೂ ನೋಡಿದೆ. ಟ್ಯಾಬ್ಲೆಟ್ ಚಾರ್ಜ್ ಮಾಡಿದೆ. ಇನ್ನೊಂದು ಟ್ಯಾಬ್ಲೆಟ್ ಎರವಲು ತಂದು ಅದನ್ನೂ ಚಾರ್ಜ್ ಮಾಡಿದೆ. ವೇದಿಕೆಯ ಪಕ್ಕದ ಒಳ್ಳೆಯ ಸಾಕೆಟ್ಟನ್ನು ಡಬ್ಬಕ್ಕೇ ಮೀಸಲಿಟ್ಟೆ. ಒಂದೇ ಒಂದು ಅಪಾಯವನ್ನೂ ಬಿಟ್ಟಿಲ್ಲ.

ಅದೇ ಹೆದರಿಕೆ. ಎಲ್ಲವನ್ನೂ ಯೋಚಿಸಿದ್ದೇನೆ ಎಂದರೆ ಏನನ್ನೋ ಮರೆತಿದ್ದೇನೆ.

ಜೂನ್ ೨೧

ಮರೆತದ್ದು ಕಾಫಿ.

ಈ ದೇಶದಲ್ಲಿ ಹುಟ್ಟಿ ಬೆಳೆದು, ದಿನಕ್ಕೆ ಏಳೆಂಟು ಲೋಟ ಕುಡಿದು, ಕಾಫಿಯನ್ನು ಮರೆತ ಮನುಷ್ಯನಿಗೆ ಏನು ಹೇಳುವುದು? ವೇದಿಕೆಯ ಪಕ್ಕದ ಆ ಸಾಕೆಟ್ಟು ಖಾಲಿ ಇದ್ದದ್ದು ನನಗೋಸ್ಕರ ಅಲ್ಲ. ಹಬ್ಬದ ದಿನ ಕೌಂಟರಿನ ಒಂದು ಪಾತ್ರೆ ಕಾಫಿ ಸಾಲುವುದಿಲ್ಲ. ಎರಡನೇ ದೊಡ್ಡ ಪಾತ್ರೆಗೆ ಪ್ರತಿ ವರ್ಷವೂ ಅಲ್ಲಿಂದಲೇ ಕರೆಂಟು. ಅದು ಕಾಯುವುದು ಹೆಂಗಸರ ಸರದಿ ಮುಗಿದ ಮೇಲೆ, ಬಿಡುವಿಗೆ. ಈ ವರ್ಷ ಹಿಲ್ಕ ಅದನ್ನು ಬಹಳ ಮುಂಚೆಯೇ ಹಚ್ಚಿದಳು. ಸಾಕೆಟ್ಟಿನಲ್ಲಿ ಡಬ್ಬ ಇದ್ದದ್ದನ್ನು ಕಂಡು, ಕುಣಿತಕ್ಕೆ ಮೊದಲೇ ಮೂರು ಕಣ್ಣಿನ ಒಂದು ಬೋರ್ಡು ತಂದು, ಎರಡನ್ನೂ ಅದಕ್ಕೇ ಸಿಕ್ಕಿಸಿದ್ದಳು. ಅಚ್ಚುಕಟ್ಟಾದ ಹೆಂಗಸು.

ಹೆಂಗಸರ ಸರದಿ ಆಗತಾನೇ ಶುರುವಾಗಿತ್ತು. ಸೌದೆ ಮನೆಗೆ ಹೋಗಿರಲಿಲ್ಲ. ಹಬ್ಬದ ದಿನ ಅಷ್ಟು ದೂರವಿರಲು ಧೈರ್ಯವಾಗಲಿಲ್ಲ. ಕೋಟುಗಳ ನಡುವೆ ನಿಂತಿದ್ದೆ. ಮೊದಲ ಟ್ಯಾಂಗೊ ಮುಗಿಯಿತು. ನೆಲದ ತುಂಬ ಜೋಡಿಗಳು, ಕೈಯಲ್ಲಿ ಕೈ. ತೌನೊ ಎರಡನೆಯ ಹಾಡಿಗೆ ಉಸಿರೆಳೆದು ಒಂದು ಸ್ವರ ನುಡಿಸಿದ. ಠಪ್ ಎಂದಿತು.

ಆಮೇಲೆ ಏನೂ ಇಲ್ಲ.

ಆ ಏನೂ ಇಲ್ಲದ್ದನ್ನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೆ. ಕಲ್ಪನೆಯಲ್ಲಿ ಅದಕ್ಕೆ ಸದ್ದಿರಲಿಲ್ಲ. ನಿಜದಲ್ಲಿ ಇತ್ತು. ದಡಕ್ಕೆ ನೀರು ತಟ್ಟುವ ಸದ್ದು, ಹೊರಗೆ ಸಾಸೇಜಿನ ಕೊಬ್ಬು ಕೆಂಡಕ್ಕೆ ಬೀಳುವ ಸದ್ದು, ನನ್ನ ಕಿವಿಯಲ್ಲೇ ನನ್ನ ನೆತ್ತರು ಬಡಿಯುವ ಸದ್ದು. ಟ್ಯಾಬ್ಲೆಟ್ ಬೂದುಬಣ್ಣಕ್ಕೆ ತಿರುಗಿ, ಸಂಪರ್ಕ ಕಡಿದಿದೆ ಎಂದಿತು. ಬೆರಳಿನಿಂದ ಒತ್ತಿದೆ. ಬೆರಳಿನ ಬೆವರಿಗೆ ಪರದೆ ನನ್ನನ್ನು ಗುರುತಿಸಲೇ ಇಲ್ಲ. ಎರಡನೇ ಟ್ಯಾಬ್ಲೆಟ್ ತೆಗೆದೆ. ಅದೂ ಬೂದು. ಎರಡು ಸತ್ತ ಟ್ಯಾಬ್ಲೆಟ್ ಹಿಡಿದು ನಿಂತವನ ಕಡೆ ಎಲ್ಲ ತಲೆಗಳೂ ತಿರುಗಿದವು. ನಾನು ಅಂದುಕೊಂಡಿದ್ದ ಜಾಗಗಳಲ್ಲೇ ಇದ್ದರು ಎಲ್ಲರೂ.

ಈಗ ಹೋಗುತ್ತಾರೆ, ಎಂದುಕೊಂಡೆ. ಕೈ ಬಿಡುತ್ತಾರೆ, ಕೋಟಿಗೆ ಬರುತ್ತಾರೆ. ಕೋಟುಗಳ ನಡುವೆ ನಾನೇ ಇದ್ದೇನೆ.

ಯಾರೂ ಕೈ ಬಿಡಲಿಲ್ಲ. ಒಂದು ಹಾಡು ಬಾಕಿ ಇತ್ತಲ್ಲ. ಕರೆದದ್ದು ಎರಡು ಹಾಡಿಗೆ, ಒಂದೇ ಆಗಿದೆ. ಬಿಟ್ಟು ಹೋದರೆ ಜೊತೆಯವರಿಗೆ ಅವಮಾನ. ಮುನ್ನೂರು ಜನ, ಎದೆಗೆ ಎದೆ ತಾಗಿಸಿ, ಸದ್ದಿಲ್ಲದೆ, ಬಸ್ಸಿಗೆ ಕಾಯುವವರ ಹಾಗೆ ನಿಂತಿದ್ದರು. ಅಂಗಡಿಯವನು ಹೇಳಿದ್ದು ಸರಿ.

ನಾನು ವೇದಿಕೆಗೆ ನಡೆದೆ. ಜೋಡಿಗಳ ನಡುವೆ ದಾರಿ ಹುಡುಕಿಕೊಂಡು ಹೋಗಬೇಕಿತ್ತು: ನಿಧಾನ, ನಿಧಾನ, ಬೇಗ-ಬೇಗ. ಒಂದು ಕಡೆ ತಿರುಗಬೇಕಾಯಿತು, ಎಡಗಾಲು ಮುಂದಿಟ್ಟೆ. ಯಾರೋ ಮುದುಕ ಮೆಲ್ಲಗೆ ಹೇಳಿದ, "ಅವಸರ ಮಾಡ್ಬೇಡ ಮಾರಾಯ, ಇವಳು ನನ್ನ ಹೀಗೆ ಹಿಡ್ಕೊಂಡು ಹತ್ತು ವರ್ಷ ಆಗಿತ್ತು." ಆಗ ತೌನೊ ವೇದಿಕೆಯ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂತು, ಮೈಕಿಲ್ಲದೆಯೇ ಅಕಾರ್ಡಿಯನ್ ಬಿಚ್ಚಿದ. ಹತ್ತಿರದವರು ಕೇಳಿ ತೂಗಿದರು. ದೂರದವರು ಹತ್ತಿರದವರನ್ನು ನೋಡಿ ತೂಗಿದರು.

ವೇದಿಕೆಯ ಪಕ್ಕದಲ್ಲಿ ಹಿಲ್ಕ ಇದ್ದಳು. ಪಾತ್ರೆಯ ಪ್ಲಗ್ಗನ್ನು ಆಗಲೇ ಕಿತ್ತು ಕೈಯಲ್ಲಿ ಹಿಡಿದಿದ್ದಳು. ಮುಖ ಬಿಳಿಚಿಕೊಂಡಿತ್ತು. ಏಪ್ರನ್ ಇರಲಿಲ್ಲ; ನೀಲಿ ಬಣ್ಣದ ಉಡುಪು, ಕುಣಿತದ ಬೂಟು. ಹಬ್ಬ ತಾನೇ.

"ನಾನೇ ಕಣಯ್ಯಾ, ನಾನೇ ಮಾಡಿದ್ದು" ಎಂದಳು.

ಫ್ಯೂಸಿನ ಗುಂಡಿ ಮೇಲೆತ್ತಿದೆ. ಡಬ್ಬದ ದೀಪಗಳು ಒಂದೊಂದಾಗಿ ಕಣ್ಣು ತೆರೆದವು, ಬಹಳ ಸಾವಕಾಶವಾಗಿ, ಭಾನುವಾರ ಏಳುವವರ ಹಾಗೆ. ಬೆರಳು ಒರೆಸಲು ಹಿಲ್ಕ ತನ್ನ ಉಡುಪಿನ ತೋಳಿನ ಅಂಚು ಚಾಚಿದಳು. ಒರೆಸಿಕೊಂಡೆ. ಪರದೆ ನನ್ನನ್ನು ಗುರುತಿಸಿತು. ಮೆಲ್ಲಗೆ ತೌನೊನ ಸದ್ದನ್ನು ಮೇಲೆತ್ತಿದೆ, ಯಾವಾಗ ಮೈಕು ಬಂತೆಂದು ಯಾರಿಗೂ ಗೊತ್ತಾಗದಷ್ಟು ಮೆಲ್ಲಗೆ. ಬಾಕಿ ಇದ್ದ ಹಾಡು ಮುಗಿಯಿತು. ಆಮೇಲೆ ಗಂಡಸರು ಹೆಂಗಸರನ್ನು ಅವರವರ ಜಾಗಕ್ಕೆ ಬಿಟ್ಟು ಬಂದರು, ಏನೂ ಆಗದವರ ಹಾಗೆ.

ಓಯ್ವಾ ನನ್ನ ಭುಜಕ್ಕೆ ಹೊಡೆದ. ಇನ್ನೂ ನೋಯುತ್ತಿದೆ. ತಾಂಪೆರೆಯ ಮಾತು ಎತ್ತಲಿಲ್ಲ.

ಕಾಫಿ ತಡವಾಯಿತು. ಹಿಲ್ಕನನ್ನು ಕೇಳಿದೆ: "ಇಷ್ಟು ಮುಂಚೆ ಯಾಕೆ ಹಚ್ಚಿದೆ? ಬಿಡುವಿಗೆ ಇನ್ನೂ ಹೊತ್ತಿತ್ತಲ್ಲ."

"ಹೆಂಗಸರ ಸರದಿಲಿ ಕೈ ಖಾಲಿ ಇರ್ಬೇಕಿತ್ತು ನಂಗೆ."

"ಯಾಕೆ?"

ತಪ್ಪು ನಿಲ್ದಾಣದಲ್ಲಿ ಇಳಿಯುತ್ತೇನೆ ಎನ್ನುವ ಪ್ರಯಾಣಿಕನನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಲೋಟಗಳ ಕಡೆ ತಿರುಗಿದಳು. ಲೋಟ ಬಹಳ ಇದ್ದವು, ತೊಳೆಯುವ ಯೋಚನೆ ಇರಬೇಕು.

ಈಗ ಬರೆಯುವಾಗ ಹೊಳೆಯಿತು: ವೇದಿಕೆಗೆ ಹೋಗುವಾಗ ಗೋಡೆಯ ಪಕ್ಕದಲ್ಲೇ ಹೋಗಬಹುದಿತ್ತು. ಅಲ್ಲಿ ಖಾಲಿಯಿತ್ತು. ಮಧ್ಯದಲ್ಲೇ ಯಾಕೆ ಹೋದೆನೋ. ಗಾಬರಿ ಇರಬೇಕು.

ಜೂನ್ ೨೮, ಶನಿವಾರ, ಮಂಟಪದಲ್ಲಿ

ಕುಣಿತ ನಡೆಯುತ್ತಿದೆ. ಗೂಡಿದ್ದ ಚೌಕದಲ್ಲಿ ಕೂತು, ಮೊಣಕಾಲ ಮೇಲೆ ಟ್ಯಾಬ್ಲೆಟ್ಟು, ಅದರ ಮೇಲೆ ಈ ಪುಸ್ತಕ. ಡಬ್ಬ ಸರಿಯಿದೆ. ಓಯ್ವಾ ಕಾಫಿ ಪಾತ್ರೆಗೆ ಹೊಸ ಸಾಕೆಟ್ಟು ಹಾಕಿಸಿ, ಅಗ್ನಿಶಾಮಕದ ಕೆಂಪು ಬಣ್ಣ ಬಳಿದಿದ್ದಾನೆ. ಮೂರನೇ ಕಂಬದ ಆಚೆಗೂ ಮಾತು ಬರುತ್ತಿದೆ.

ತೌನೊ ಹೆಂಗಸರ ಸರದಿ ಎಂದು ಈಗತಾನೇ ಕೂಗಿದ. ಸೌದೆ ಮನೆಯ ಬಾಗಿಲು ಇಲ್ಲಿಂದ ಕಾಣುತ್ತದೆ. ಯಾರೋ ತೆರೆದಿಟ್ಟಿದ್ದಾರೆ. ಹೋಗಬೇಕು. ಈ ವಾಕ್ಯ ಮುಗಿಸಿ ಹೋಗುತ್ತೇನೆ.

ಹಿಲ್ಕ ಏಪ್ರನ್ ಬಿಚ್ಚಿದಳು. ಕೌಂಟರ್ ದಾಟಿದಳು. ನೆಲದ ಮಧ್ಯದಲ್ಲೇ ಬರುತ್ತಿದ್ದಾಳೆ, ಬಸ್ಸಿಗೆ ಎಲ್ಲರೂ ದಾರಿ ಬಿಡುತ್ತಾರೆಂದು ಗೊತ್ತಿರುವವಳ ಹಾಗೆ. ಎಲ್ಲರೂ ಬಿಡುತ್ತಿದ್ದಾರೆ. ನನ್ನ ಕಡೆಗೇ ನೋಡುತ್ತಿದ್ದಾಳೆ, ಕನ್ನಡಿಯಲ್ಲಿ ಅಲ್ಲ.

ಇದನ್ನು ಯಾರೂ ಓದುವುದಿಲ್ಲ ಎಂದು ಬರೆದಿದ್ದೆ. ಒಂದು ವೇಳೆ ಓದುತ್ತಿದ್ದರೆ, ದಯವಿಟ್ಟು ಈ ಟ್ಯಾಬ್ಲೆಟ್ಟನ್ನು ಎರಡು ಹಾಡಿನ ಮಟ್ಟಿಗೆ ಹಿಡಿದುಕೊಳ್ಳಿ. ಏನನ್ನೂ ಮುಟ್ಟಬೇಡಿ. ಬೇಸ್ ಜಾಸ್ತಿ ಎನಿಸಿದರೆ ಮಾತ್ರ ಎಡಗಡೆಯಿಂದ ಮೂರನೆಯದನ್ನು ಒಂದು ಕೂದಲೆಳೆಯಷ್ಟು ಕೆಳಗೆ ಎಳೆಯಿರಿ. ಬೆರಳು ಒಣಗಿರಲಿ.